ಮೈಹೌಗೆನ್: ಬಿಚ್ಚಿ ತಂದು ಕಟ್ಟಿದ ಕಣಿವೆ

ನಾರ್ವೆಗೆ ಹೋದವರು ಬೆಟ್ಟಗಳ ನಡುವೆ ಒಳನುಗ್ಗಿದ ಕಡಲ ಚಾಚುಗಳಾದ ಫ್ಯೋರ್ಡ್‌ಗಳ ಕಡೆ ಓಡುವುದೇ ಹೆಚ್ಚು. ಲಿಲ್ಲೆಹಾಮರ್‌ನಲ್ಲಿ ಇಳಿದರೂ ಒಲಿಂಪಿಕ್ಸ್ ನಡೆದ ಸ್ಕೀ ಇಳಿಜಾರಿನ ಎದುರು ಫೋಟೊ ತೆಗೆಸಿಕೊಂಡು, ಹಳೆಯ ಮನೆಗಳ ಬಯಲು ವಸ್ತುಸಂಗ್ರಹಾಲಯವಾದ ಮೈಹೌಗೆನ್‌ಗೆ ಎರಡು ಗಂಟೆ ಕೊಟ್ಟು ಮುಂದಿನ ರೈಲು ಹಿಡಿಯುತ್ತಾರೆ. ಎರಡು ಗಂಟೆಯಲ್ಲಿ ಕಾಣುವುದು ಹುಲ್ಲು ಬೆಳೆದ ಮಾಡುಗಳು ಮಾತ್ರ. ಆ ಹುಲ್ಲಿನ ಕೆಳಗೆ ಏನಿದೆ, ಒಂದೇ ಮನೆತನಕ್ಕೆ ಇಪ್ಪತ್ತಾರು ಕಟ್ಟಡ ಏಕೆ ಬೇಕಾದವು, ಕಣಜ ಏಕೆ ಕಾಲಿನ ಮೇಲೆ ನಿಂತಿದೆ ಎಂಬುದು ತಿಳಿಯಲು ಒಂದೂವರೆ ದಿನವಾದರೂ ಬೇಕು. ದಾರಿಯಲ್ಲಿ ಹಾಮರ್ ಊರನ್ನೂ ಸೇರಿಸಿಕೊಂಡರೆ ಮೂರು ದಿನ ಸರಿಹೋಗುತ್ತದೆ.

ಯಾವಾಗ ಹೋಗಬೇಕು ಎಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಿ. ಜೂನ್ ನಡುವಿನಿಂದ ಆಗಸ್ಟ್ ನಡುವಿನವರೆಗೆ ಮನೆಗಳ ಬಾಗಿಲು ತೆರೆದಿರುತ್ತವೆ, ಹಳೆಯ ಕಾಲದ ಉಡುಪಿನ ಸಿಬ್ಬಂದಿ ಒಳಗೆ ಕೂತು ರೊಟ್ಟಿ ಸುಡುತ್ತಾ, ಉಣ್ಣೆ ನೂಲುತ್ತಾ ಇರುತ್ತಾರೆ. ಉಳಿದ ತಿಂಗಳುಗಳಲ್ಲಿ ಬಯಲಿನಲ್ಲಿ ಅಡ್ಡಾಡಬಹುದು, ಆದರೆ ಬಹಳಷ್ಟು ಮನೆಗಳಿಗೆ ಬೀಗ. ಚಳಿಗಾಲದ ಹಿಮದಲ್ಲಿ ಇಡೀ ದಿಬ್ಬ ಚೆಲುವಾಗಿ ಕಾಣುತ್ತದೆ ನಿಜ, ಆದರೆ ಅದು ಹೊರಗಿನ ಚೆಲುವು. ಹೊರಡುವ ಮುನ್ನ ಆ ವರ್ಷದ ವೇಳಾಪಟ್ಟಿಯನ್ನೂ ಟಿಕೆಟ್ ದರವನ್ನೂ ವಸ್ತುಸಂಗ್ರಹಾಲಯದ ಜಾಲತಾಣದಲ್ಲೇ ನೋಡಿಕೊಳ್ಳಿ.

ಮೊದಲ ದಿನ: ಓಸ್ಲೊದಿಂದ ಹಾಮರ್ ಮೂಲಕ

ಓಸ್ಲೊ ಕೇಂದ್ರ ನಿಲ್ದಾಣದಿಂದ ಲಿಲ್ಲೆಹಾಮರ್‌ಗೆ ರೈಲಿನಲ್ಲಿ ಎರಡು ಗಂಟೆಗೆ ಸ್ವಲ್ಪ ಮೇಲೆ. ಅದೇ ರೈಲು ಗಾರ್ಡರ್ಮುಯೆನ್ ವಿಮಾನ ನಿಲ್ದಾಣದಲ್ಲೂ ನಿಲ್ಲುತ್ತದೆ. ಹಾಗಾಗಿ ಬೆಳಿಗ್ಗೆ ವಿಮಾನ ಇಳಿದವರು ಓಸ್ಲೊ ಪೇಟೆಗೆ ಹೋಗಿ ತಿರುಗಿ ಬರುವ ಅಗತ್ಯವಿಲ್ಲ. ಉತ್ತರಕ್ಕೆ ಹೋಗುವಾಗ ಎಡಗಡೆಯ ಕಿಟಕಿ ಹಿಡಿಯಿರಿ. ನಾರ್ವೆಯ ಅತಿ ದೊಡ್ಡ ಸರೋವರ ಮ್ಯೋಸಾ ಆ ಬದಿಗೇ ಬರುತ್ತದೆ, ಹಳಿ ಅದರ ಪೂರ್ವ ದಂಡೆಗುಂಟ ಸಾಗುತ್ತದೆ. ಬೇಸಿಗೆಯಾದರೆ ನೀರಿನ ಮೇಲೆ ಬಿಳಿ ಹಡಗೊಂದು ಕಂಡೀತು. ಅದು ‘ಸ್ಕೀಬ್ಲಾಡ್ನರ್’, 1856ರಿಂದ ಓಡುತ್ತಿರುವ ಚಕ್ರದ ಉಗಿಹಡಗು.

ಹಾಮರ್‌ನಲ್ಲಿ ಇಳಿದು ಸರೋವರದ ದಂಡೆಯ ಕಾಲುದಾರಿಯಲ್ಲಿ ಸುಮಾರು ಎರಡು ಕಿಲೊಮೀಟರ್ ನಡೆದರೆ ಡೊಮ್‌ಶಿರ್ಕೆಒಡ್ಡೆನ್ ಸಿಗುತ್ತದೆ. ‘ಕತೀಡ್ರಲ್ ಇರುವ ನೆಲಚಾಚು’ ಎಂದು ಆ ಹೆಸರಿನ ಅರ್ಥ. 12ನೆಯ ಶತಮಾನದ ನಡುವೆ ಇಲ್ಲಿ ಬಿಷಪ್ ಪೀಠ ಸ್ಥಾಪನೆಯಾಯಿತು. 1567ರಲ್ಲಿ ಸ್ವೀಡನ್ನಿನ ಸೈನ್ಯ ಕತೀಡ್ರಲ್ಲನ್ನೂ ಬಿಷಪ್ಪರ ಕೋಟೆಯನ್ನೂ ಹಾಳುಗೆಡವಿತು. ಉಳಿದದ್ದು ನಾಲ್ಕು ಕಮಾನು, ಕೆಲವು ಗೋಡೆಯ ತುಂಡು.

ಈ ಅವಶೇಷದ ಮೇಲೆ ಈಗ ದೊಡ್ಡ ಗಾಜಿನ ಮನೆಯೊಂದು ಕೂತಿದೆ. 1998ರಲ್ಲಿ ಕಟ್ಟಿದ್ದು. ನೋಡಿದ ತಕ್ಷಣ ಇದೇನು ಆಡಂಬರ ಅನ್ನಿಸಬಹುದು, ಕಾರಣ ಗೊತ್ತಾದ ಮೇಲೆ ಹಾಗನ್ನಿಸದು. ಗೋಡೆ ಸುಣ್ಣಕಲ್ಲಿನದು. ಮಳೆನೀರು ಕಲ್ಲಿನ ಸಂದಿಗೆ ಇಳಿಯುತ್ತದೆ, ರಾತ್ರಿ ಹೆಪ್ಪುಗಟ್ಟಿ ಹಿಗ್ಗುತ್ತದೆ, ಹಗಲು ಕರಗಿ ಇನ್ನೂ ಒಳಗೆ ಹೋಗುತ್ತದೆ. ವರ್ಷದಲ್ಲಿ ಎಷ್ಟೋ ಸಲ ಇದು ನಡೆದರೆ ಕಲ್ಲು ಬಿಸ್ಕತ್ತಿನಂತೆ ಪದರ ಪದರವಾಗಿ ಉದುರುತ್ತದೆ. ನೀರು ತಾಕದಂತೆ ಮಾಡುವುದೊಂದೇ ಉಪಾಯ. ಬಿಸಿಲಿದ್ದ ದಿನ ಒಳಗೆ ಸೆಕೆ, ಕೋಟು ಕಳಚಿ ಕೈಯಲ್ಲಿ ಹಿಡಿದೇ ನಡೆಯಿರಿ.

ಪಕ್ಕದಲ್ಲೇ ಬಿಷಪ್ ಕೋಟೆಯ ಅವಶೇಷದ ಮೇಲೆ ಎದ್ದಿದ್ದ ಹಳೆಯ ಕೊಟ್ಟಿಗೆಯೊಳಗೆ ವಾಸ್ತುಶಿಲ್ಪಿ ಸ್ವೆರ್ರೆ ಫೆನ್ ರೂಪಿಸಿದ ವಸ್ತುಸಂಗ್ರಹಾಲಯವಿದೆ. 1960ರ ದಶಕದ ಕೊನೆಯಿಂದ 1970ರ ದಶಕದವರೆಗೆ ನಡೆದ ಕೆಲಸ. ಇದೇ ಫೆನ್ 1997ರಲ್ಲಿ ವಾಸ್ತುಶಿಲ್ಪದ ಪ್ರಿಟ್ಸ್‌ಕರ್ ಪ್ರಶಸ್ತಿ ಪಡೆದರು. ಅವರು ಹಳೆಯ ಗೋಡೆಯನ್ನು ಎಲ್ಲೂ ತೇಪೆ ಹಾಕಿ ‘ಸರಿಮಾಡಿಲ್ಲ’. ಕಾಂಕ್ರೀಟಿನ ಸೇತುವೆಯಂಥ ದಾರಿಯೊಂದು ಅವಶೇಷದ ಮೇಲೆ ತೇಲಿದಂತೆ ಹಾದುಹೋಗುತ್ತದೆ. ಮುರಿದ ಕಲ್ಲಿನ ಕಿಟಕಿಗೆ ಚೌಕಟ್ಟು ಹಾಕದೆ ಹೊರಗಿನಿಂದ ಒಂದು ಗಾಜಿನ ಹಾಳೆಯನ್ನು ಒತ್ತಿಟ್ಟಿದ್ದಾರೆ, ಮುರಿದದ್ದು ಮುರಿದಂತೆಯೇ ಕಾಣುತ್ತದೆ. ಇದನ್ನು ಮೊದಲ ದಿನ ನೋಡಿಬಿಡುವುದು ಒಳ್ಳೆಯದು. ಹಳೆಯದನ್ನು ಇದ್ದಲ್ಲೇ ಮುಟ್ಟದೆ ಉಳಿಸುವುದು ಒಂದು ದಾರಿ, ಬಿಚ್ಚಿ ಒಯ್ದು ಬೇರೆಡೆ ಕಟ್ಟುವುದು ಇನ್ನೊಂದು. ಮೈಹೌಗೆನ್ ಎರಡನೆಯದು. ಇಲ್ಲಿನ ಬಯಲಿನಲ್ಲೂ ಸುತ್ತಲ ಹಳ್ಳಿಗಳ ಮರದ ಮನೆಗಳಿವೆ, ಆದರೆ ಅವಕ್ಕೆ ಹೆಚ್ಚು ಹೊತ್ತು ಕೊಡಬೇಡಿ, ನಾಳೆ ಅದೇ ಕೆಲಸ.

ಸಂಜೆಯ ರೈಲಿನಲ್ಲಿ ಲಿಲ್ಲೆಹಾಮರ್ ತಲುಪಿ. ಜೂನ್ ಕೊನೆಯಲ್ಲಿ ರಾತ್ರಿ ಹತ್ತೂವರೆಗೂ ಬೆಳಕಿರುತ್ತದೆ. ನಿದ್ದೆ ಬಾರದವರು ಕಣ್ಣುಪಟ್ಟಿ ತರುವುದು ಮೇಲು.

ಎರಡನೆಯ ದಿನ: ಹಳ್ಳಿಯ ಭಾಗ

ನಿಲ್ದಾಣದಿಂದ ಮೈಹೌಗೆನ್‌ಗೆ ನಡೆದು ಇಪ್ಪತ್ತು–ಇಪ್ಪತ್ತೈದು ನಿಮಿಷ, ಆದರೆ ಪೂರ್ತಿ ಏರು. ಒಳಗೂ ಏರಿಳಿತವೇ. ಜಲ್ಲಿದಾರಿ, ಬೇರು ಎದ್ದ ಕಾಲುದಾರಿ, ಮಳೆ ಬಂದರೆ ಜಾರುವ ಹುಲ್ಲು. ಹಿಡಿತವಿರುವ ಬೂಟು ಹಾಕಿಕೊಳ್ಳಿ. ಬಾಗಿಲ ಬಳಿ ನಕ್ಷೆ ತೆಗೆದುಕೊಂಡು ನೇರ ಹಳ್ಳಿಯ ಭಾಗಕ್ಕೆ ನಡೆಯಿರಿ. ಉಳಿದ ಎರಡು ಭಾಗಗಳಾದ ಪೇಟೆ, ಬಡಾವಣೆಗಳನ್ನು ನಾಳೆಗೆ ಬಿಡಿ. ಮಧ್ಯಾಹ್ನ ಬಸ್ಸುಗಳು ಬಂದು ಗುಂಪು ಇಳಿಯುವ ಮೊದಲು ಒಂದೊಂದು ಮನೆಯಲ್ಲಿ ಒಬ್ಬರೇ ನಿಂತು ನೋಡಲು ಬೆಳಗಿನ ಎರಡು ಗಂಟೆ ಬಹಳ ಬೆಲೆಯದು.

ಇದೆಲ್ಲ ಶುರುವಾದದ್ದು ಒಬ್ಬ ಹಲ್ಲಿನ ವೈದ್ಯನಿಂದ. ಆಂಡರ್ಸ್ ಸಾಂಡ್ವಿಗ್ 1862ರಲ್ಲಿ ಹುಟ್ಟಿದ್ದು ಪಶ್ಚಿಮ ಕರಾವಳಿಯಲ್ಲಿ. ಕ್ಷಯ ತಗುಲಿದ್ದರಿಂದ ಒಣ ಹವೆ ಹುಡುಕಿಕೊಂಡು 1885ರಲ್ಲಿ ಲಿಲ್ಲೆಹಾಮರ್‌ಗೆ ಬಂದ. ಗುಡ್‌ಬ್ರಾನ್ಸ್‌ಡಾಲ್ ಕಣಿವೆಯ ಉದ್ದಕ್ಕೂ ಊರೂರು ತಿರುಗಿ ಹಲ್ಲು ನೋಡುತ್ತಿದ್ದ. ಆ ಹೊತ್ತಿಗೆ ಕಣಿವೆಯ ರೈತರು ಹಳೆಯ ಮನೆಗಳನ್ನು ಕೆಡವಿ ಹೊಸವನ್ನು ಕಟ್ಟಿಕೊಳ್ಳುತ್ತಿದ್ದರು. ಹಳೆಯ ಪೆಟ್ಟಿಗೆ, ಬಟ್ಟಲು, ಕೆತ್ತನೆಯ ಕಪಾಟುಗಳು ಸೌದೆಯ ಪಾಲಾಗುತ್ತಿದ್ದವು, ಇಲ್ಲವೇ ಪರದೇಶದ ವ್ಯಾಪಾರಿಗಳ ಪಾಲಾಗುತ್ತಿದ್ದವು. ಸಾಂಡ್ವಿಗ್ 1887ರಿಂದ ಅವನ್ನು ಕೊಳ್ಳತೊಡಗಿದ. 1894ರಲ್ಲಿ ಒಂದು ಇಡೀ ಮನೆಯನ್ನೇ ಕೊಂಡು ತನ್ನ ಹಿತ್ತಿಲಿನಲ್ಲಿ ನಿಲ್ಲಿಸಿದ. ಹಿತ್ತಿಲು ಸಾಲದಾಯಿತು. 1901ರಲ್ಲಿ ಊರಿನ ಸಂಘವೊಂದು ಸಂಗ್ರಹವನ್ನು ಕೊಂಡುಕೊಂಡಿತು, 1904ರಲ್ಲಿ ಈ ದಿಬ್ಬದ ಮೇಲೆ ಬಾಗಿಲು ತೆರೆಯಿತು. ಇಂದು ಇಲ್ಲಿ ಸುಮಾರು 200 ಕಟ್ಟಡಗಳಿವೆ. ಸಾಂಡ್ವಿಗ್‌ಗೆ ಬೇಕಿದ್ದದ್ದು ಸಾಮಾನಿನ ಪ್ರದರ್ಶನವಲ್ಲ, ಮನೆಗಳ ಸಂಗ್ರಹ. ಯಜಮಾನ ಈಗಷ್ಟೇ ಹೊಲಕ್ಕೆ ಹೋಗಿದ್ದಾನೆ ಅನ್ನುವ ಹಾಗೆ ಪ್ರತಿ ಮನೆ ಇರಬೇಕು ಎಂಬುದು ಅವನ ಹಟ.

ಮಣಿಪಾಲದ ಹೆರಿಟೇಜ್ ವಿಲೇಜ್ ನೋಡಿದವರಿಗೆ ಈ ಕೆಲಸದ ರೀತಿ ಹೊಸತಲ್ಲ. ಪ್ರತಿ ತೊಲೆಗೂ ಗುರುತು ಹಾಕಿ, ಬಿಚ್ಚಿ, ಸಾಗಿಸಿ, ಅದೇ ಕ್ರಮದಲ್ಲಿ ಮತ್ತೆ ಏರಿಸುವುದು. ನಾರ್ವೆಯ ದಿಮ್ಮಿ ಮನೆಗೆ ಇದು ಇನ್ನೂ ಸುಲಭ, ಏಕೆಂದರೆ ಗೋಡೆಗೆ ಮೊಳೆಯೂ ಇಲ್ಲ, ಗಾರೆಯೂ ಇಲ್ಲ.

ಆ ಗೋಡೆಯನ್ನು ಒಂದು ಮೂಲೆಯಲ್ಲಿ ನಿಂತು ಹತ್ತಿರದಿಂದ ನೋಡಿ. ದಿಮ್ಮಿಗಳು ಅಡ್ಡಲಾಗಿ ಒಂದರ ಮೇಲೊಂದು ಮಲಗಿವೆ. ಮೂಲೆಯಲ್ಲಿ ಎರಡು ಗೋಡೆಯ ದಿಮ್ಮಿಗಳಿಗೆ ಕಚ್ಚು ಕೊಟ್ಟು ಒಂದನ್ನೊಂದು ಹಿಡಿಸಿದ್ದಾರೆ. ಈ ಕಟ್ಟಣೆಗೆ ‘ಲಾಫ್ಟ್’ ಎನ್ನುತ್ತಾರೆ. ಪ್ರತಿ ದಿಮ್ಮಿಯ ಅಡಿಭಾಗದಲ್ಲಿ ಉದ್ದಕ್ಕೂ ಒಂದು ತೋಡು ಇರುತ್ತದೆ, ಕೆಳಗಿನ ದಿಮ್ಮಿಯ ಬೆನ್ನಿನ ಮೇಲೆ ಅದು ಕವುಚಿ ಕೂರುತ್ತದೆ. ನಡುವಿನ ಸಂದಿಗೆ ಹಾವಸೆ ತುಂಬುತ್ತಾರೆ. ತೋಡು ಮೇಲುಗಡೆ ಇದ್ದಿದ್ದರೆ ಮಳೆನೀರು ಅದರಲ್ಲಿ ನಿಂತು ದಿಮ್ಮಿ ಕೊಳೆಯುತ್ತಿತ್ತು. ಹಸಿಯಾಗಿ ಕಟ್ಟಿದ ಗೋಡೆ ಒಣಗುತ್ತಾ ಎತ್ತರದಲ್ಲಿ ಮೀಟರಿಗೆ ಎರಡು ಮೂರು ಸೆಂಟಿಮೀಟರ್ ಕುಗ್ಗುತ್ತದೆ. ಅದಕ್ಕೇ ಬಾಗಿಲು, ಕಿಟಕಿಗಳ ಚೌಕಟ್ಟಿನ ಮೇಲೆ ಖಾಲಿ ಜಾಗ ಬಿಟ್ಟು ಹಲಗೆ ಮುಚ್ಚುತ್ತಾರೆ. ಬಿಡದಿದ್ದರೆ ಇಡೀ ಗೋಡೆಯ ಭಾರ ಚೌಕಟ್ಟಿನ ಮೇಲೆ ಕೂತು ಕಿಟಕಿ ಬಿರಿಯುತ್ತದೆ, ಇಲ್ಲವೇ ಮೇಲಿನ ದಿಮ್ಮಿಗಳು ತೂಗಾಡಿ ಸಂದಿ ಬಾಯಿಬಿಡುತ್ತದೆ. ಮೊದಲು ಕೊಳೆಯುವುದು ಎಲ್ಲಕ್ಕಿಂತ ಕೆಳಗಿನ ದಿಮ್ಮಿ. ಮಾಡಿನಿಂದ ಬಿದ್ದ ನೀರು ನೆಲಕ್ಕೆ ಬಡಿದು ಚಿಮ್ಮುವುದು ಅಲ್ಲಿಗೇ. ಮೂಲೆಗಲ್ಲಿನ ಮೇಲೆ ಅದನ್ನು ನೆಲ ಬಿಟ್ಟು ಎತ್ತಿ ಇಟ್ಟಿರುವುದು ಇದಕ್ಕಾಗಿ. ಎಷ್ಟೋ ಮನೆಗಳಲ್ಲಿ ಕೆಳದಿಮ್ಮಿಯ ಬಣ್ಣ ಬೇರೆಯಾಗಿ ಕಾಣುತ್ತದೆ. ಹಳೆಯದನ್ನು ತೆಗೆದು ಹೊಸದನ್ನು ತೂರಿಸಿದ ಗುರುತು ಅದು.

ಇನ್ನು ಮಾಡಿನ ಮೇಲಿನ ಹುಲ್ಲು. ಅದು ಅಲಂಕಾರವಲ್ಲ, ಹಾಗೆಂದು ನೀರು ತಡೆಯುವುದೂ ಅದಲ್ಲ. ಹಲಗೆಯ ಮೇಲೆ ಬರ್ಚ್ ಮರದ ತೊಗಟೆಯನ್ನು ಮೀನಿನ ಪೊರೆಯಂತೆ ಒಂದರ ಮೇಲೊಂದು ಬರುವ ಹಾಗೆ ಹಲವು ಪದರ ಹಾಸುತ್ತಾರೆ. ನೀರು ತಡೆಯುವುದು ಈ ತೊಗಟೆ. ಆದರೆ ತೊಗಟೆ ಹಗುರ, ಒಣಗಿದರೆ ಸುರುಳಿ ಸುತ್ತಿಕೊಳ್ಳುತ್ತದೆ, ಗಾಳಿಗೆ ಹಾರುತ್ತದೆ. ಅದನ್ನು ಒತ್ತಿ ಹಿಡಿಯಲು ಹುಲ್ಲುಹೆಂಟೆಗಳನ್ನು ಎರಡು ಪದರವಾಗಿ ಇಡುತ್ತಾರೆ. ಕೆಳಪದರದಲ್ಲಿ ಹುಲ್ಲು ಕೆಳಮುಖ, ಮೇಲ್ಪದರದಲ್ಲಿ ಮೇಲ್ಮುಖ. ಕೆಳಗಿನ ಸತ್ತ ಹುಲ್ಲು ತೊಗಟೆಗೆ ಮೆತ್ತೆಯಾಗುತ್ತದೆ, ಮೇಲಿನ ಬೇರು ಕೆಳಗಿಳಿದು ಎರಡನ್ನೂ ಹೆಣೆಯುತ್ತದೆ. ಎರಡೂ ಸೇರಿ ಸುಮಾರು 15 ಸೆಂಟಿಮೀಟರ್ ದಪ್ಪ, ಚದರ ಮೀಟರಿಗೆ 250 ಕಿಲೊ ಆಸುಪಾಸು ಭಾರ. ಚಳಿಗಾಲದಲ್ಲಿ ಹಿಮ ಸೇರಿದರೆ 400–500 ಕಿಲೊ. ಈ ಭಾರ ವ್ಯರ್ಥವಲ್ಲ. ಗೋಡೆಯ ದಿಮ್ಮಿಗಳನ್ನು ಒಂದಕ್ಕೊಂದು ಒತ್ತಿ ಗಾಳಿ ನುಸುಳದಂತೆ ಮಾಡುತ್ತದೆ. ಹೆಂಟೆಗಳು ಇಳಿಜಾರಿನಲ್ಲಿ ಜಾರದಂತೆ ಸೂರಿನ ಅಂಚಿಗೆ ಒಂದು ಉದ್ದದ ಮರ ಅಡ್ಡಗಟ್ಟಿದ್ದಾರೆ. ಅದನ್ನು ಹಿಡಿದಿರುವುದು ಸಹಜವಾಗಿಯೇ ಕೊಕ್ಕೆಯಾಕಾರದಲ್ಲಿ ಬೆಳೆದ ಮರದ ತುಂಡುಗಳು. ಸೂರಿನ ಕೆಳಗೆ ನಿಂತು ತಲೆಯೆತ್ತಿದರೆ ಕೊಕ್ಕೆಯೂ ತೊಗಟೆಯ ಅಂಚೂ ಕಾಣುತ್ತವೆ.

ಇಂಥ ಮಾಡು ಸುಮಾರು ಮೂವತ್ತು ವರ್ಷ ಬಾಳುತ್ತದೆ ಎಂದು ಲೆಕ್ಕ, ಒಂದು ತಲೆಮಾರು. ಅದಕ್ಕಿಂತ ಮೊದಲೇ ಕೆಡುವುದು ಬಹುಮಟ್ಟಿಗೆ ಗಿಡದಿಂದ. ಗಾಳಿಗೆ ಬಂದ ಬರ್ಚ್ ಬೀಜ ಹುಲ್ಲಿನಲ್ಲಿ ಮೊಳೆತರೆ ಬೇರು ತೊಗಟೆ ಸೀಳಿಕೊಂಡು ಕೆಳಗಿಳಿಯುತ್ತದೆ. ಸಸಿ ಬೆರಳುದ್ದ ಇರುವಾಗಲೇ ಕೀಳಬೇಕು. ಮಾಡಿನ ಮೇಲೆ ಮರ ಬೆಳೆದ ಫೋಟೊಗಳನ್ನು ಜನ ಮೆಚ್ಚುತ್ತಾರೆ, ಮನೆಯವರ ಪಾಲಿಗೆ ಅದು ಸೋರುವ ಮನೆ.

ಇಷ್ಟು ಗೊತ್ತಾದ ಮೇಲೆ ಬ್ಯೋರ್ನ್‌ಸ್ಟಾಡ್ ಮನೆತನದ ಅಂಗಳಕ್ಕೆ ಬನ್ನಿ. ಕಣಿವೆಯ ಮೇಲ್ಭಾಗದಿಂದ ಬಂದ ಸ್ಥಿತಿವಂತರ ಒಕ್ಕಲು, 26 ಕಟ್ಟಡ. ಮೊದಲ ನೋಟಕ್ಕೆ ಒಂದು ಊರೇ ಅನ್ನಿಸುತ್ತದೆ. ಗಮನಿಸಿದರೆ ಎರಡು ಅಂಗಳಗಳಿವೆ: ಒಳ ಅಂಗಳದ ಸುತ್ತ ಮನುಷ್ಯರ ಕಟ್ಟಡ, ಹೊರ ಅಂಗಳದ ಸುತ್ತ ದನ, ಕುರಿ, ಒಣಹುಲ್ಲಿನ ಕಟ್ಟಡ. ನಡುವೆ ಕುದುರೆ ಲಾಯ. ಗಂಜಲ, ಗೊಬ್ಬರ ಆ ಕಡೆ, ಊಟ, ಹಾಸಿಗೆ ಈ ಕಡೆ. ಗುಡ್‌ಬ್ರಾನ್ಸ್‌ಡಾಲ್‌ನ ದೊಡ್ಡ ಒಕ್ಕಲುಗಳ ಮಾದರಿಯೇ ಇದು.

ಎಲ್ಲವನ್ನೂ ಒಂದೇ ಸೂರಿನಡಿ ಕಟ್ಟದಿರಲು ಮುಖ್ಯ ಕಾರಣ ಬೆಂಕಿ. ಮರದ ಗೋಡೆ, ಹಾವಸೆಯ ಸಂದಿ, ತೊಗಟೆಯ ಮಾಡು. ಒಂದು ಕಿಡಿ ಸಾಕು. ಹಾಗಾಗಿ ಕಮ್ಮಾರಸಾಲೆ ಮತ್ತು ಧಾನ್ಯ ಒಣಗಿಸುವ ಬಿಸಿಗೂಡನ್ನು ಎಲ್ಲಕ್ಕಿಂತ ದೂರ ಇಡುತ್ತಿದ್ದರು. ರೊಟ್ಟಿ ಸುಡುವ, ಬಟ್ಟೆ ಕುದಿಸುವ ಬೆಂಕಿಮನೆ ಬೇರೆ. ಒಂದು ಸುಟ್ಟುಹೋದರೂ ಉಳಿದವು ಉಳಿಯಬೇಕು. ಎರಡನೆಯ ಕಾರಣ ದಿಮ್ಮಿ. ಕೋಣೆಯ ಉದ್ದ ಮರದ ಉದ್ದವನ್ನು ಮೀರಲಾರದು. ದೊಡ್ಡದು ಬೇಕೆಂದರೆ ಇನ್ನೊಂದನ್ನು ಪಕ್ಕದಲ್ಲಿ ಕಟ್ಟಬೇಕು.

ಒಳ ಅಂಗಳದಲ್ಲಿ ಎರಡು ವಾಸದ ಮನೆಗಳು ಕಂಡರೆ ಒಂದು ಮುದುಕರದು ಎಂದು ತಿಳಿಯಿರಿ. ಹಿರಿಯ ಮಗನಿಗೆ ಒಕ್ಕಲು ಒಪ್ಪಿಸಿದ ತಂದೆತಾಯಿ ಆ ಮನೆಗೆ ಹೋಗುತ್ತಿದ್ದರು. ಹೋಗುವ ಮೊದಲು ಕರಾರು ಬರೆಸಿಕೊಳ್ಳುತ್ತಿದ್ದರು: ವರ್ಷಕ್ಕೆ ಇಷ್ಟು ಧಾನ್ಯ, ಇಷ್ಟು ಹಾಲು, ಇಷ್ಟು ಸೌದೆ. ಇದಕ್ಕೆ ‘ಕೋರ್’ ಎಂದು ಹೆಸರು. ಸೊಸೆಯ ಕೈಯಲ್ಲಿ ತುತ್ತಿಗೆ ಕಾಯಬಾರದೆಂದು ಕಾಗದದ ಮೇಲೇ ಇಟ್ಟುಕೊಂಡ ಭದ್ರತೆ. ಮಗ ಒಳ್ಳೆಯವನೇ ಆಗಿದ್ದರೂ ಬರೆಸಿಕೊಳ್ಳುತ್ತಿದ್ದರು ಅನ್ನುವುದು ಆ ಜನರ ಜಾಣತನ.

ಕಣಜಕ್ಕೆ ಅಲ್ಲಿ ‘ಸ್ಟಾಬ್ಬುರ್’ ಎನ್ನುತ್ತಾರೆ. ಕುಳ್ಳ ಕಂಬಗಳ ಮೇಲೆ ನಿಂತಿದೆ, ಕೆಳಗೆ ಗಾಳಿ ಆಡುತ್ತದೆ, ನೆಲದ ತೇವ ಏರದು. ಮೆಟ್ಟಿಲನ್ನು ನೋಡಿ, ಅದು ಬಾಗಿಲಿಗೆ ತಾಗಿಯೇ ಇಲ್ಲ. ಮನುಷ್ಯ ಒಂದು ಹೆಜ್ಜೆ ದಾಟಬಲ್ಲ, ಇಲಿ ಹಾರಲಾರದು. ಅಲ್ಲೊಂದು ಹಲಗೆ ಒರಗಿಸಿ ಮರೆತರೆ ಅಷ್ಟೂ ಯೋಜನೆ ದಂಡ. ಒಳಗೆ ಹಿಟ್ಟಿನ ಪೆಟ್ಟಿಗೆ, ಒಣಮಾಂಸ, ಮತ್ತು ಚಪ್ಪಟೆ ರೊಟ್ಟಿಯ ರಾಶಿ. ‘ಫ್ಲಾಟ್‌ಬ್ರೊ’ ಎಂಬ ಈ ರೊಟ್ಟಿ ನಮ್ಮ ಖಡಕ್ ರೊಟ್ಟಿಯ ಜಾತಿಯದೇ, ಆದರೆ ಅಗಲ ಅದರ ಎರಡು ಪಟ್ಟು. ಬಾರ್ಲಿ, ಓಟ್ಸ್ ಹಿಟ್ಟನ್ನು ತೆಳ್ಳಗೆ ಲಟ್ಟಿಸಿ ದೊಡ್ಡ ದುಂಡು ಹಂಚಿನ ಮೇಲೆ ಪೂರ್ತಿ ಒಣಗುವವರೆಗೆ ಸುಡುತ್ತಾರೆ. ವರ್ಷಕ್ಕೆ ಒಂದೆರಡು ಸಲ ದಿನಗಟ್ಟಲೆ ಸುಟ್ಟು ರಾಶಿ ಹಾಕಿದರೆ ತಿಂಗಳುಗಟ್ಟಲೆ ಕೆಡದು. ಸ್ವಲ್ಪ ತೇವ ಉಳಿದರೂ ರಾಶಿಯ ನಡುವೆ ಬೂಷ್ಟು ಹಿಡಿಯುತ್ತದೆ. ಬೇಸಿಗೆಯಲ್ಲಿ ಬೆಂಕಿಮನೆಯಲ್ಲಿ ಸುಡುತ್ತಿದ್ದರೆ ಲಟ್ಟಣಿಗೆಯನ್ನು ಗಮನಿಸಿ, ಮೈಮೇಲೆ ಗೀರುಗಳಿರುತ್ತವೆ. ರೊಟ್ಟಿಯನ್ನು ಎತ್ತಿ ಹಾಕಲು ಉದ್ದನೆಯ ತೆಳು ಮರದ ಪಟ್ಟಿ ಬಳಸುತ್ತಾರೆ. ಕೈಯಲ್ಲಿ ಎತ್ತಿದರೆ ಅಷ್ಟಗಲದ ಹಾಳೆ ಹರಿದೇ ಹೋದೀತು.

ಹಳೆಯ ಮನೆಯೊಂದರಲ್ಲಿ ಒಲೆ ನೆಲದ ನಡುವೆಯೇ ಇದೆ, ಹೊಗೆಗೂಡಿಲ್ಲ. ಹೊಗೆ ಮಾಡಿನ ತೂತಿನಿಂದ ಹೋಗಬೇಕು, ಬೆಳಕೂ ಅಲ್ಲಿಂದಲೇ ಬರಬೇಕು. ತೂತಿಗೆ ಪ್ರಾಣಿಯ ತೆಳು ಪೊರೆ ಬಿಗಿದ ಮುಚ್ಚಳ, ಅದನ್ನು ತೆಗೆದು ಹಾಕಲು ಉದ್ದನೆಯ ಕೋಲು. ಇಂಥ ಮನೆಗೆ ಅಟ್ಟ ಹಾಕುವಂತಿಲ್ಲ, ಹೊಗೆಗೆ ದಾರಿ ಇರುವುದಿಲ್ಲವಲ್ಲ. ಮುಂದೆ ಮೂಲೆಯಲ್ಲಿ ಕಲ್ಲಿನ ಒಲೆಯೂ ಹೊಗೆಗೂಡೂ ಬಂದ ಮೇಲೆ ಎಲ್ಲ ಬದಲಾಯಿತು. ತಲೆಯ ಮೇಲೆ ಅಟ್ಟ, ಅಟ್ಟದ ಮೇಲೆ ಇನ್ನೊಂದು ಅಂತಸ್ತು, ಗೋಡೆಯಲ್ಲಿ ಗಾಜಿನ ಕಿಟಕಿ, ಬೆಳಕು ಬಂದ ಮೇಲೆ ಗೋಡೆಗೆ ಬಣ್ಣ, ಕಪಾಟಿಗೆ ಕೆತ್ತನೆ. ಈ ಕಣಿವೆಯ ಬಳ್ಳಿ ಕೆತ್ತನೆ ನಾರ್ವೆಯಲ್ಲೇ ಹೆಸರಾದದ್ದು. ಹೊಗೆಮನೆಯಲ್ಲಿ ಅದನ್ನು ಕೆತ್ತಿದ್ದರೆ ಒಂದೇ ಚಳಿಗಾಲಕ್ಕೆ ಮಸಿ ಬಳಿದುಕೊಳ್ಳುತ್ತಿತ್ತು.

ಒಳಹೋಗುವಾಗ ತಲೆ ಬಗ್ಗಿಸಿ, ಕಾಲೆತ್ತಿ. ಬಾಗಿಲು ಗಿಡ್ಡ, ಹೊಸ್ತಿಲು ಎತ್ತರ. ಹೊಸ್ತಿಲೆಂದರೆ ಗೋಡೆಯದೇ ಒಂದು ದಿಮ್ಮಿ, ಕಡಿದರೆ ಗೋಡೆಯ ಬಿಗಿ ಸಡಿಲ. ಬಾಗಿಲು ದೊಡ್ಡದಾದಷ್ಟೂ ಬೆಚ್ಚನೆ ಗಾಳಿ ಹೊರಗೆ. ಕತ್ತಲಿಗೆ ಕಣ್ಣು ಹೊಂದಿಕೊಳ್ಳಲು ಒಂದೆರಡು ನಿಮಿಷ ಬೇಕು, ಸುಮ್ಮನೆ ನಿಲ್ಲಿ. ಗೋಡೆಯಲ್ಲಿ ನೇತುಹಾಕಿದ ಚಪ್ಪಟೆ ಮರದ ಪಟ್ಟಿ ಕಂಡರೆ ಅದು ಅವರ ಪಂಚಾಂಗ, ‘ಪ್ರಿಮ್‌ಸ್ಟಾವ್’. ಒಂದು ಬದಿ ಚಳಿಗಾಲ, ಅಕ್ಟೋಬರ್ 14ರಿಂದ. ಇನ್ನೊಂದು ಬೇಸಿಗೆ, ಏಪ್ರಿಲ್ 14ರಿಂದ. ದಿನಕ್ಕೊಂದು ಗೀರು, ಹಬ್ಬಕ್ಕೆ ಗುರುತು. ಆ ತಾರೀಖು ಬಂದಾಗ ಪಟ್ಟಿಯನ್ನು ತಿರುಗಿಸಿ ನೇತುಹಾಕುವುದು.

ಮಧ್ಯಾಹ್ನದ ಮೇಲೆ ಗಾರ್ಮೊ ಚರ್ಚಿಗೆ ಹೋಗಿ. ನೆಟ್ಟಗೆ ನಿಲ್ಲಿಸಿದ ಕಂಬಗಳ ಮೇಲೆ ಕಟ್ಟುವ ಈ ಬಗೆಯ ಮಧ್ಯಯುಗದ ಚರ್ಚುಗಳು ನಾರ್ವೆಯಲ್ಲಿ ಉಳಿದಿರುವುದು 28. ಗಾರ್ಮೊ ಚರ್ಚು ಸುಮಾರು ಎಂಟುನೂರು ವರ್ಷ ಹಳೆಯದು. 1730ರಲ್ಲಿ ರೆಕ್ಕೆ ಸೇರಿಸಿ ಶಿಲುಬೆಯಾಕಾರಕ್ಕೆ ತಂದರು. ಗಾರ್ಮೊ ಊರಿನಲ್ಲಿ ಹೊಸ ಚರ್ಚು ಎದ್ದ ಮೇಲೆ 1880ರಲ್ಲಿ ಕೆಡವಿ ಮರವನ್ನು ಮಾರಿದರು. ಚೂರುಗಳನ್ನು ಕಲೆಹಾಕಿ 1920–21ರಲ್ಲಿ ಇಲ್ಲಿ ಮತ್ತೆ ನಿಲ್ಲಿಸಲಾಯಿತು. ಕಾದಂಬರಿಕಾರ ಕ್ನೂಟ್ ಹಾಮ್ಸುನ್ 1859ರಲ್ಲಿ ದೀಕ್ಷಾಸ್ನಾನ ಪಡೆದದ್ದು ಈ ಚರ್ಚಿನಲ್ಲೇ. ಒಳಗಿನ ಸಾಮಾನೆಲ್ಲ ಗಾರ್ಮೊದ್ದೇ ಅಲ್ಲ, ಬೇರೆ ಚರ್ಚುಗಳಿಂದ ಬಂದದ್ದೂ ಸೇರಿದೆ. ಆದ್ದರಿಂದ ಇದನ್ನು ಪೂರ್ತಿ ‘ಮೂಲ’ ಎಂದು ನೋಡಬೇಡಿ. ಇದಕ್ಕಿಂತ ಹಳೆಯ ಚರ್ಚುಗಳಲ್ಲಿ ಕಂಬವನ್ನು ನೆಲದೊಳಗೆ ಹೂಳುತ್ತಿದ್ದರು, ಬುಡ ಕೊಳೆತು ಅವೆಲ್ಲ ಬಿದ್ದವು. ಇಲ್ಲಿ ಕಲ್ಲಿನ ಮೇಲೆ ತೊಲೆಯ ಚೌಕಟ್ಟು, ಅದರ ಮೇಲೆ ಕಂಬ, ಕಂಬಗಳ ನಡುವೆ ತೋಡಿಗೆ ಇಳಿಸಿದ ನೇರ ಹಲಗೆಗಳು. ಎಂಟುನೂರು ವರ್ಷ ಬಾಳಿಸಿದ್ದು ಕೆಳಗಿನ ಆ ಒಂದು ಸಾಲು ಕಲ್ಲು. ಅದರ ಜೊತೆಗೆ ಪೈನ್ ಮರದ ಬೇರು, ಬುಡಗಳನ್ನು ಮಣ್ಣಿನಡಿ ನಿಧಾನ ಸುಟ್ಟು ಇಳಿಸಿ ಗೋಡೆಗೆ ಬಳಿದ ಕೀಲೆಣ್ಣೆ (ಟಾರು). ಬಿಸಿಲಿನ ದಿನ ಗೋಡೆಯ ಹತ್ತಿರ ಹೋದರೆ ವಾಸನೆ ಬರುತ್ತದೆ, ಒರಗಿದರೆ ಬಟ್ಟೆಗೆ ಅಂಟೂ ಬರುತ್ತದೆ.

ಹವೆಯನ್ನೂ ನೆನೆಯಬೇಕು. ಲೊಮ್, ಶೋಕ್, ವೋಗೊ ಎಂಬ ಕಣಿವೆಯ ಮೇಲೂರುಗಳು ಬೆಟ್ಟಗಳ ಮಳೆನೆರಳಿನಲ್ಲಿವೆ. ಕೆಲವೆಡೆ ವರ್ಷಕ್ಕೆ 300 ಮಿಲಿಮೀಟರ್ ಆಸುಪಾಸು ಮಳೆ, ಮರದ ತೋಡುಗಳಲ್ಲಿ ನೀರು ಹರಿಸಿ ಬೆಳೆ ತೆಗೆಯುತ್ತಿದ್ದ ನೆಲ. ನಾರ್ವೆ ಎಂದರೆ ಮಳೆ ಅಂದುಕೊಂಡವರಿಗೆ ಇದು ಅಚ್ಚರಿ. ಸಾಂಡ್ವಿಗ್‌ಗೆ ಇಷ್ಟೊಂದು ಹಳೆಯ ಮರ ಸಿಕ್ಕಿದ್ದರ ಹಿಂದೆ ಈ ಒಣ ಹವೆಯೂ ಇದೆ.

ದಿನದ ಕೊನೆಗೆ ಬೇಸಿಗೆ ಹಟ್ಟಿಯ ಕಡೆ. ಬೇಸಿಗೆಯಲ್ಲಿ ದನಗಳನ್ನು ಬೆಟ್ಟದ ಹುಲ್ಲುಗಾವಲಿಗೆ ಅಟ್ಟಿ, ಹೆಣ್ಣುಮಕ್ಕಳು ಅಲ್ಲೇ ಉಳಿದು ಬೆಣ್ಣೆ, ಚೀಸ್ ಮಾಡುತ್ತಿದ್ದ ತಾಣ. ಕೆಳಗಿನ ಹೊಲದ ಹುಲ್ಲು ಚಳಿಗಾಲಕ್ಕೆ ಉಳಿಯಲಿ ಎಂಬ ಲೆಕ್ಕಾಚಾರ. ನಾರ್ವೆಯ ಪ್ರತಿ ಮನೆಯ ಫ್ರಿಜ್ಜಿನಲ್ಲಿರುವ ಕಂದು ಚೀಸ್ ಹುಟ್ಟಿದ್ದು ಈ ಕಣಿವೆಯ ಹಟ್ಟಿಯಲ್ಲಿ. ಹಾಲೊಡೆಸಿ ಚೀಸ್ ತೆಗೆದ ಮೇಲೆ ಉಳಿಯುವ ತಿಳಿನೀರನ್ನು ಗಂಟೆಗಟ್ಟಲೆ ಕುದಿಸಿ ಗಟ್ಟಿ ಮಾಡುವುದು ಹಳೆಯ ಪದ್ಧತಿ. 1863ರಲ್ಲಿ ಆನ್ನೆ ಹೋವ್ ಎಂಬಾಕೆ ಅದಕ್ಕೆ ಕೆನೆ ಸೇರಿಸಿದಳು, ರುಚಿಯೂ ಬಂತು, ಬೆಲೆಯೂ ಬಂತು. ಹಾಲಿನ ಸಕ್ಕರೆ ಕುದಿದು ಕೆಂಪಾಗುವುದರಿಂದ ಆ ಬಣ್ಣ. ಖೋವಾ ಮಾಡಿದವರಿಗೆ ಗೊತ್ತಿರುವ ಕಷ್ಟವೇ ಇಲ್ಲೂ: ಕೊನೆಯ ಹಂತದಲ್ಲಿ ಕೈ ನಿಲ್ಲಿಸಿದರೆ ತಳ ಹಿಡಿಯುತ್ತದೆ. ಇಳಿಸಿದ ಮೇಲೂ ತಣ್ಣಗಾಗುವವರೆಗೆ ನಾದಬೇಕು, ಇಲ್ಲದಿದ್ದರೆ ಸಕ್ಕರೆ ಹರಳುಗಟ್ಟಿ ತಿನ್ನುವಾಗ ಮರಳು ಸಿಕ್ಕಂತಾಗುತ್ತದೆ.

ಸಸ್ಯಾಹಾರಿಗಳಿಗೆ ಈ ಪ್ರದೇಶದಲ್ಲಿ ಕಂದು ಚೀಸ್ ಇಟ್ಟ ದೋಸೆಯಂಥ ವಾಫೆಲ್, ಆಲೂಗಡ್ಡೆಯ ಮೆತ್ತನೆ ರೊಟ್ಟಿ ‘ಲೆಫ್ಸೆ’, ಹುಳಿಕೆನೆಯ ಗಂಜಿ ‘ರಮ್ಮೆಗ್ರಟ್’ ಇವೇ ಆಸರೆ. ಆ ಗಂಜಿಗೆ 35 ಶೇಕಡ ಕೊಬ್ಬಿನ ಹುಳಿಕೆನೆಯೇ ಬೇಕು. ಮೂರು ಡೆಸಿಲೀಟರ್ (300 ಮಿಲಿಲೀಟರ್) ಕೆನೆ ಕುದಿಸಿ, ಸ್ವಲ್ಪ ಹಿಟ್ಟು ಸೇರಿಸಿ ತಿರುವಿದರೆ ತುಪ್ಪ ಬಿಡುತ್ತದೆ. ಅದನ್ನು ತೆಗೆದಿಟ್ಟು, ಉಳಿದ ಹಿಟ್ಟೂ ಐದು ಡೆಸಿಲೀಟರ್ ಹಾಲೂ ಹಾಕಿ ಬೇಯಿಸಿ, ಮೇಲೆ ಆ ತುಪ್ಪ, ಸಕ್ಕರೆ, ದಾಲ್ಚಿನ್ನಿ. ಕಡಿಮೆ ಕೊಬ್ಬಿನ ಕೆನೆ ತಂದರೆ ಎಷ್ಟು ಕುದಿಸಿದರೂ ತುಪ್ಪ ಬಿಡದು, ಅಂಟಿನ ಗಂಜಿ ಆಗುತ್ತದೆ. ಜೊತೆಗೆ ಒಣಮಾಂಸ ಇಟ್ಟು ಕೊಡುವುದು ರೂಢಿ, ಬೇಡವೆಂದು ಮೊದಲೇ ಹೇಳಿ.

ಮೂರನೆಯ ದಿನ: ಪೇಟೆ, ಬಡಾವಣೆ

ಪೇಟೆಯ ಭಾಗದಲ್ಲಿ 1900ರ ಸುಮಾರಿನ ಲಿಲ್ಲೆಹಾಮರ್ ಬೀದಿ ಇದೆ. ಅಂಗಡಿ, ಅಂಚೆ ಕಚೇರಿ, ರೈಲು ನಿಲ್ದಾಣ. ಚೆನ್ನಾಗಿದೆ, ಆದರೆ ಯುರೋಪಿನ ಇತರ ಕಡೆಯೂ ಇಂಥವು ಸಿಗುತ್ತವೆ. ಒಂದು ಗಂಟೆ ಸಾಕು. ಮಕ್ಕಳಿದ್ದರೆ ಎರಡು.

ಬಡಾವಣೆ ಮಾತ್ರ ಬೇರೆ ಕಡೆ ಸಿಗುವಂಥದಲ್ಲ. 20ನೆಯ ಶತಮಾನದ ದಶಕಕ್ಕೊಂದರಂತೆ ಮನೆಗಳನ್ನು ಸಾಲಾಗಿ ನಿಲ್ಲಿಸಿದ್ದಾರೆ, ಒಳಗಿನ ಸಾಮಾನು ಸಮೇತ. ಸಾಲಾಗಿ ಹೊಕ್ಕು ಹೊರಬನ್ನಿ, ಹಿಂದುಮುಂದು ಮಾಡಬೇಡಿ. ಅಡುಗೆಮನೆಯನ್ನಷ್ಟೇ ಹೋಲಿಸುತ್ತಾ ಹೋದರೂ ಸಾಕು: ಸೌದೆ ಒಲೆ, ಅದರ ಪಕ್ಕಕ್ಕೆ ಕರೆಂಟಿನ ಒಲೆ, ಆಮೇಲೆ ಫ್ರಿಜ್, ಆಮೇಲೆ ಡೀಪ್ ಫ್ರೀಜರ್. ಹಿಂದಿನ ದಿನ ನೋಡಿದ ಕಣಜದ ಕೆಲಸವನ್ನು ಒಂದು ಬಿಳಿ ಪೆಟ್ಟಿಗೆ ಕಸಿದುಕೊಂಡ ಹಾಗೆ. ಯುದ್ಧದ ನಂತರದ ಮನೆಗಳು ಚಿಕ್ಕವು, ಒಂದರಂತೆ ಒಂದು ಇರುವಂಥವು. 1946ರಲ್ಲಿ ಶುರುವಾದ ಸರ್ಕಾರಿ ಗೃಹಸಾಲದ ಬ್ಯಾಂಕು ‘ಹೂಸ್‌ಬಾಂಕೆನ್’ ಕಡಿಮೆ ಬಡ್ಡಿಗೆ ಸಾಲ ಕೊಡುತ್ತಿತ್ತು, ಜೊತೆಗೆ ಮನೆಯ ಅಳತೆಗೆ ಮಿತಿಯನ್ನೂ ಹಾಕುತ್ತಿತ್ತು. 1969ರಲ್ಲಿ ಉತ್ತರ ಸಮುದ್ರದಲ್ಲಿ ಎಕೊಫಿಸ್ಕ್ ಎಂಬ ತೈಲನಿಕ್ಷೇಪ ಸಿಕ್ಕಿತು. ಆಮೇಲಿನ ದಶಕಗಳ ಮನೆಗಳಲ್ಲಿ ಕೋಣೆ ಹಿಗ್ಗುವುದನ್ನು ಹೆಜ್ಜೆ ಹಾಕಿ ಅಳೆದುಕೊಳ್ಳಬಹುದು.

ಈ ಸಾಲಿನಲ್ಲೇ 1935ರ ಒಂದು ಮನೆ ಇದೆ, ಓಸ್ಲೊದಿಂದ ತಂದದ್ದು. ರಾಣಿ ಸೋನ್ಯಾ ಬೆಳೆದ ಮನೆ. ಬಟ್ಟೆ ವ್ಯಾಪಾರಿಯ ಮಗಳು 1968ರಲ್ಲಿ ಯುವರಾಜ ಹರಾಲ್ಡ್‌ನನ್ನು ಮದುವೆಯಾದಳು, ಸಾಮಾನ್ಯ ಮನೆತನದ ಹೆಣ್ಣು ಎಂದು ಅದಕ್ಕೆ ಮೊದಲು ವರ್ಷಗಳ ಚರ್ಚೆ ನಡೆದಿತ್ತು. ಮನೆಯಲ್ಲಿ ಅರಮನೆಯ ಗಾಳಿ ಒಂಚೂರೂ ಇಲ್ಲ, ಆ ಕಾರಣಕ್ಕೇ ನೋಡಬೇಕು.

ಮಳೆ ಹಿಡಿದರೆ ಮುಖ್ಯ ಕಟ್ಟಡದೊಳಗೆ ಸೇರಿಕೊಳ್ಳಿ. ಹಳೆಯ ಕಸುಬುದಾರರ ಕಾರ್ಯಾಗಾರಗಳು, ನಾರ್ವೆಯ ಅಂಚೆಯ ಇತಿಹಾಸ, 2016ರಲ್ಲಿ ಇಲ್ಲಿಗೆ ಬಂದ ಒಲಿಂಪಿಕ್ ವಸ್ತುಸಂಗ್ರಹಾಲಯ ಎಲ್ಲ ಒಂದೇ ಸೂರಿನಡಿ ಇವೆ. ಕಾರ್ಯಾಗಾರಗಳಿಗೆ ಒಂದು ಗಂಟೆ ಮೀಸಲಿಡಿ, ಜನ ಅದನ್ನು ಬಿಟ್ಟು ಒಲಿಂಪಿಕ್ ಕಡೆ ಓಡುತ್ತಾರೆ.

ಮಧ್ಯಾಹ್ನ ಮಿಕ್ಕಿದ್ದರೆ ಬ್ಯೆರ್ಕೆಬೆಕ್‌ಗೆ ನಡೆದು ಹೋಗಬಹುದು. 1928ರ ನೊಬೆಲ್ ಪಡೆದ ಲೇಖಕಿ ಸಿಗ್ರಿಡ್ ಉಂಡ್ಸೆಟ್ 1919ರಲ್ಲಿ ಲಿಲ್ಲೆಹಾಮರ್‌ಗೆ ಬಂದು ನೆಲೆಸಿದ ಮನೆ. ಆಕೆಯೂ ಕಣಿವೆಯಿಂದ ಹಳೆಯ ದಿಮ್ಮಿ ಮನೆಗಳನ್ನು ಬಿಚ್ಚಿ ತರಿಸಿಕೊಂಡಿದ್ದಳು, ವಾಸಕ್ಕೆ. ನೊಬೆಲ್ ಪದಕವನ್ನು 1940ರಲ್ಲಿ ಮಾರಿ ಹಣವನ್ನು ಯುದ್ಧದಲ್ಲಿದ್ದ ಫಿನ್ಲೆಂಡಿಗೆ ಕೊಟ್ಟಳು. ಒಳಗಡೆ ಮಾರ್ಗದರ್ಶಕರ ಜೊತೆಗೇ ಹೋಗಬೇಕು, ಸರದಿಯ ಹೊತ್ತು ಬೆಳಿಗ್ಗೆಯೇ ವಿಚಾರಿಸಿಡಿ.

ಮಂಡಿ ಗಟ್ಟಿಯಿದ್ದವರು ಅದರ ಬದಲು ಲ್ಯುಸ್‌ಗೋರ್ಡ್ಸ್‌ಬಾಕ್ಕೆನ್ ಸ್ಕೀ ಜಿಗಿತದ ಇಳಿಜಾರಿಗೆ ಹೋಗಲಿ. ಪಕ್ಕದ ಮೆಟ್ಟಿಲು 936. ಬೇಸಿಗೆಯಲ್ಲಿ ಕುರ್ಚಿ ಲಿಫ್ಟ್ ಓಡುತ್ತಿದ್ದರೆ ಅದರಲ್ಲಿ ಹತ್ತಿ ಮೆಟ್ಟಿಲಿನಲ್ಲಿ ಇಳಿಯುವುದು ಲೇಸು ಎನ್ನುವವರಿದ್ದಾರೆ. ಮಂಡಿಗೆ ಇಳಿತವೇ ಹೆಚ್ಚು ಪೆಟ್ಟು, ಹತ್ತುವುದನ್ನೇ ಕಾಲಿನಲ್ಲಿ ಮಾಡಿ. ಮೇಲಿನಿಂದ ಮ್ಯೋಸಾದ ಉತ್ತರ ತುದಿ, ಊರು, ಮರಗಳ ನಡುವೆ ಮೈಹೌಗೆನ್ ದಿಬ್ಬ ಮೂರೂ ಒಟ್ಟಿಗೆ ಕಾಣುತ್ತವೆ. ಸಂಜೆಯ ರೈಲಿಗೆ ನಿಲ್ದಾಣ ಇಳಿಜಾರಿನಲ್ಲೇ ಇದೆ. ವಾಪಸು ಹೋಗುವಾಗ ಸರೋವರ ಬಲಗಡೆಗೆ ಬರುತ್ತದೆ.